ಕೆಂಪು ದಾರ ಬಿಚ್ಚಿದ ಮೇಲೆ

"ಚಪ್ಪಲಿ ಹೊರಗ ಬಿಡ್ರಿ ಬಾಯಾರ. ದಾದರ್ ಮಾರ್ಕೆಟ್ಟಿನ ಧೂಳು, ರೋಗ ಒಳಗ ಬರಬಾರ್ದು."

೧೯೭೨. ದಹಿಸರ್‌ನ ಕೋಳಿ ಫಾರ್ಮಿನ ಬಾಗಿಲಲ್ಲೇ ಪಶುವೈದ್ಯೆ ವಿನೋದಿನಿಯನ್ನು ತಡೆದವನು ಅಲ್ಲಿನ ಕೆಲಸಗಾರ ಗುರಲಿಂಗಪ್ಪ. ಅವಳಿಗೆ ಸಿಟ್ಟು ಬಂತು. ತಿಂಗಳಾಗುವಷ್ಟರಲ್ಲಿ ಅವನನ್ನು ನೋಡಲೆಂದೇ ದಹಿಸರ್ ಲೋಕಲ್ ರೈಲು ಹತ್ತುತ್ತಿದ್ದಳು, ಹುಚ್ಚು ಹುಡುಗಿ!

ಗಂಟಲು ರೋಗದಿಂದ ಚೇತರಿಸಿಕೊಂಡ ಕೋಳಿಗಳ ಕಾಲಿಗೆ ಅವನು ಕೆಂಪು ದಾರ ಕಟ್ಟಿ ಬೇರೆ ಇಟ್ಟಿದ್ದ.

"ಇವು ಗುಣವಾಗಿವೆ ಮಾರಾಯ್ರೆ. ಹೊಸ ಕೋಳಿಗಳ ಜೊತೆ ಬಿಡಿ," ಎಂದಳು ವಿನೋದಿನಿ.

"ಬ್ಯಾನಿ ಒಳಗ ಉಳದಿದ್ರ?"

"ಓದಿದವಳು ನಾನಾ, ನೀವಾ?"

ಅವನು ಒಂದೊಂದೇ ದಾರ ಬಿಚ್ಚಿದ.

ಕೆಲವೇ ವಾರಗಳಲ್ಲಿ ಹೊಸ ಕೋಳಿಗಳು ಕೆಮ್ಮಿ ಕೆಮ್ಮಿ ಸತ್ತವು. ಮಾಲೀಕ ರಮಾನಾಥರು ಕಾರಣ ಕೇಳಿದಾಗ, "ಗುರಲಿಂಗಪ್ಪ ಮಾರ್ಕೆಟ್ಟಿನಿಂದ ರೋಗ ತಂದಿರಬೇಕು" ಎಂದುಬಿಟ್ಟಳು. ಅವಳು ಹಾಗೆಂದೇ ನಂಬಿದ್ದಳು. ಕೆಲಸ ಕಳೆದುಕೊಂಡ ಗುರಲಿಂಗಪ್ಪ ಅವಳ ಮುಖವನ್ನೊಮ್ಮೆ ನೋಡಿ, ಗಂಟು ಕಟ್ಟಿಕೊಂಡು ಹೊರಟುಹೋದ.

ಮೂರು ವರ್ಷದ ನಂತರ, ಗುಣವಾದ ಕೋಳಿಯೊಂದರ ಗಂಟಲಲ್ಲಿ ಅವಳಿಗೆ ಅದೇ ವೈರಸ್ ಸಿಕ್ಕಿತು. ಲ್ಯಾಬಿನ ಹಿರಿಯ ಡಾಕ್ಟರ್ ವಿವರಿಸಿದರು.

"ಇಂಟರ್‌ಫೆರಾನ್ ಅಂತ ಒಂದು ಪ್ರೋಟೀನ್. ವೈರಸ್ ಬಂದಿದೆ ಅಂತ ಅಕ್ಕಪಕ್ಕದ ಜೀವಕೋಶಗಳನ್ನು ಎಚ್ಚರಿಸುತ್ತದೆ. ಬಹುಶಃ ಅದರ ಕಣ್ಣಿಗೂ ಬೀಳದೆ ವೈರಸ್ ಅಡಗಿ ಕೂತಿರಬಹುದು. ಜಾಗ ಬದಲಾಗಿ ಕೋಳಿಯ ಮೈ ಸೋತರೆ, ಮತ್ತೆ ಎದ್ದು ಜೊತೆಯ ಕೋಳಿಗಳಿಗೂ ಹರಡುತ್ತದೆ."

ಗುರಲಿಂಗಪ್ಪನೂ ಎಚ್ಚರಿಸಿದ್ದ... ನಾನು ಕೇಳಲಿಲ್ಲ.

ತಪ್ಪು ತನ್ನದೆಂದು ರಮಾನಾಥರಿಗೂ ತನ್ನ ಆಫೀಸಿಗೂ ಬರೆದುಕೊಟ್ಟಳು. ಫಾರ್ಮಿನಲ್ಲಿ ಕೆಲಸಕ್ಕಿದ್ದ ಶರಣವ್ವನಿಂದ ಅವನ ವಿಳಾಸ ಪಡೆದು, ಪತ್ರದ ಪ್ರತಿ ಹಿಡಿದು ಭಾಂಡುಪ್‌ನ ಚಾಳಿನಲ್ಲಿದ್ದ ಅವನ ಕೋಣೆಗೆ ಹೋದಳು.

ಗುರಲಿಂಗಪ್ಪ ಅದನ್ನು ಎರಡು ಸಲ ಓದಿದ.

"ನಿಮ್ಮ ನೌಕರಿ?"

"ಹೋದರೆ ಹೋಗಲಿ. ನಿಮ್ಮ ಹೆಸರು ಕೆಡಿಸಿದವಳು ನಾನು. ಪ್ರೀತಿಸಿದ್ದೆ... ಆದರೂ ನಿಮ್ಮ ಮಾತು ನಂಬಲಿಲ್ಲ."

"ನೌಕರಿ ಹೋದದ್ದಕ್ಕಲ್ಲರಿ ಬ್ಯಾಸರ. ಎಲ್ಲಾರ ಚಪ್ಪಲಿ ಬಿಡಸಾಂವ ನಾನು. ನಾನ ರೋಗ ತಂದೆ ಅಂದ್ರಿ... ಅದೂ ನೀವು."

ಅವಳು ಚಪ್ಪಲಿ ಬಿಟ್ಟು ಹೊಸ್ತಿಲಾಚೆಯೇ ಅಳುತ್ತಾ ನಿಂತಳು.

"ಬರ್ತೀರಂತ ಅನ್ಕೊಂಡಿದ್ದೆ. ಭಾಳ ತಡಾ ಮಾಡಿದ್ರಿ," ಎಂದ ಅವನು. ಬಗ್ಗಿ ಅವಳ ಚಪ್ಪಲಿ ಎತ್ತಿ, ಒಳಗೆ ತನ್ನ ಚಪ್ಪಲಿಯ ಪಕ್ಕ ಇಟ್ಟ.

"ಬೇಡ... ಧೂಳಿದೆ."

"ಇರ್ಲಿ. ಒಳಗ ಬರ್ರಿ."