ಎಲಿಹಿಯೊನ ಎಡಗೈಯ ನರ

ನರ ಮಾಯವಾಗಿತ್ತು!

ನಿನ್ನೆಯವರೆಗೆ ಹಗ್ಗದ ಹಾಗೆ ಉಬ್ಬಿ ನಿಲ್ಲುತ್ತಿದ್ದ ನರ. ನಮ್ಮ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವ ಎಲಿಹಿಯೊನ ಎಡಗೈಯದು. ನರ್ಸುಗಳ ಡ್ರಿಪ್ ತರಬೇತಿಗೆ ಅವನು ತಾನಾಗಿಯೇ ಕೈ ಒಡ್ಡಿದ್ದ. ಮೂರು ದಿನ, ಬೆಳಿಗ್ಗೆ ಆರಕ್ಕೆ, ನನ್ನ ಗೆಳತಿ ಸೆನೈದಾ ಒಂದೇ ಸಲಕ್ಕೆ ಅಲ್ಲಿ ಸೂಜಿ ಕೂರಿಸಿದ್ದಳು. ಇವತ್ತು ಹತ್ತೂವರೆಗೆ ಅವಳ ಪರೀಕ್ಷೆ. ಎರಡು ಸಲ ಚುಚ್ಚಿದಳು. ಎರಡು ಸಲವೂ ಒಂದು ತೊಟ್ಟು ರಕ್ತ ಬರಲಿಲ್ಲ!

ಎಂಟು ವರ್ಷ ಇದೇ ಆಸ್ಪತ್ರೆಯ ಹೊದಿಕೆ ಒಗೆಯುತ್ತಾ ನರ್ಸಿಂಗ್ ಓದಿದವಳು ಅವಳು. ಈ ಸರ್ಟಿಫಿಕೇಟ್ ಸಿಗದಿದ್ದರೆ ಮತ್ತೆ ಒಗೆಯುವ ಕೋಣೆಗೇ ಹೋಗಬೇಕು.

ತರಬೇತಿ ಕೊಡುವ ಬೊಗಾದೊ ಮೇಡಂ, ಪರೀಕ್ಷೆಗೆ ಮುಂಚೆ ಎಲಿಹಿಯೊ ಸಹಿ ಹಾಕಿದ್ದ ಒಪ್ಪಿಗೆ ಪತ್ರ ಎತ್ತಿ ಹಿಡಿದರು. ಕಾಗದದ ಒಂದು ಬದಿ ಒದ್ದೆಯಾಗಿ ಸುಕ್ಕುಗಟ್ಟಿತ್ತು. "ಯಾರೋ ಇವನ ಕೈಗೆ ಏನೋ ಮಾಡಿದ್ದಾರೆ. ಯಾರು ಅಂತ ಹನ್ನೆರಡರ ಒಳಗೆ ಗೊತ್ತಾದ್ರೆ ಸೆನೈದಾಗೆ ಇನ್ನೊಂದು ಅವಕಾಶ. ಮಾಡಿದವರ ಹೆಸರು ಸರ್ಟಿಫಿಕೇಟ್ ಪಟ್ಟಿಯಿಂದ ಔಟ್. ಗೊತ್ತಾಗ್ಲಿಲ್ವಾ — ಸೆನೈದಾ ಔಟ್."

ನಾನು ಸ್ಟೋರ್ ಕೋಣೆಗೆ ಓಡಿದೆ. ಸಿರಿಂಜು, ಹತ್ತಿಬಟ್ಟೆ ಕಾಯುವ ಮುದುಕಿ ದೆಯೊಲಿಂದಾಳನ್ನು ನಾವೆಲ್ಲ ಗೌರವದಿಂದ 'ನ್ಯಾ' ಎನ್ನುತ್ತೇವೆ. ವಾರ್ಡಿನಲ್ಲಿ ಏನು ಕಳೆದರೂ ಹುಡುಕಿ ಕೊಡುವವಳು ಅವಳೇ.

"ಈ ಸಲ ಏನೇ ಕಳೆದದ್ದು, ನಿಮಿಯಾ?"

"ನರ, ನ್ಯಾ!"

"ನಿನ್ನ ತಲೆ ನೆಟ್ಟಗಿದೆಯಾ?"

ನನ್ನ ತಲೆ ನಿಜಕ್ಕೂ ನೆಟ್ಟಗಿರಲಿಲ್ಲ. ನಿನ್ನೆ ಇದ್ದ ನರ ಇವತ್ತು ಎಲ್ಲಿಗೆ ಹೋಗುತ್ತದೆ? ವಿಷಯ ಹೇಳಿ ಅವಳನ್ನು ಎಳೆದುಕೊಂಡೇ ಬಂದೆ.

ಮೊದಲು ಗ್ಲಾದಿಸ್. ನಮ್ಮ ಬ್ಯಾಚಿನವಳೇ. ಸೆನೈದಾ ಕೇಳಿದ್ದ ವಾರ್ಡಿನ ಮೇಲೆ ಅವಳಿಗೂ ಕಣ್ಣು.

"ಎಲಿಹಿಯೊ ಕೈಗೆ ಏನು ಹಚ್ಚಿದೆ?" ದೆಯೊಲಿಂದಾ ಕೇಳಿದಳು.

"ಸ್ಪಿರಿಟ್."

"ಯಾಕೆ?"

"ಅಯ್ಯೋ, ಎಲ್ಲರ ಕೈಗೂ ಹಚ್ಚಿದೆ! ಮೇಡಂ ಹೇಳಿದ್ರು. ಅವಳಿಗೆ ಚುಚ್ಚೋಕೆ ಬರದಿದ್ರೆ ನಾನೇನ್ ಮಾಡ್ಲಿ?"

ನಿಜ. ಅದೇ ಸ್ಪಿರಿಟ್ ಹಚ್ಚಿದ ಇನ್ನೊಬ್ಬನ ಕೈಯಲ್ಲೇ ನಾನು ಪಾಸಾಗಿದ್ದೆ. ಹಾಗಾದರೆ ಯಾರು? ಎಲಿಹಿಯೊನೇ ಏನಾದರೂ ಮಾತ್ರೆ ನುಂಗಿದನೇ?

"ಮಾತ್ರೆನಾ? ಎರಡು ಚಿಪಾ ರೊಟ್ಟಿ ತಿಂದೆ, ಅಷ್ಟೇ," ಎಂದ ಅವನು. "ನ್ಯಾ, ನನ್ನ ನರ ನಾನೇ ಕದ್ದು ಎಲ್ಲಿಡ್ಲಿ?"

ನನಗೆ ನಗು ಬರಲಿಲ್ಲ. ಮೂಲೆಯಲ್ಲಿ ಸೆನೈದಾ ಬಿಳಿ ಕೋಟನ್ನು ಮಡಿಸುತ್ತಿದ್ದಳು. "ನನ್ನ ಕೈಯೇ ನಡುಗಿರಬೇಕು ಬಿಡು," ಎಂದಳು.

ದೆಯೊಲಿಂದಾ ಒಪ್ಪಿಗೆ ಪತ್ರವನ್ನು ಬೆಳಕಿಗೆ ಹಿಡಿದು ತಿರುಗಿಸಿದಳು.

"ಸ್ಪಿರಿಟ್ ಒದ್ದೆ ಅಲ್ವಾ?" ಎಂದೆ.

"ಸ್ಪಿರಿಟ್ ಆರಿಹೋಗುತ್ತೆ, ಹುಡುಗಿ. ಕಾಗದ ಹೀಗೆ ಸುಕ್ಕಾಗಲ್ಲ. ಇದು ನೀರು. ಆಕಾರ ನೋಡು."

ನೋಡಿದೆ. ಒಂದು ಇಡೀ ಅಂಗೈ — ಎಡದ್ದು!

"ಬಲಗೈಯಲ್ಲಿ ಸಹಿ ಹಾಕಿದ್ದಾನೆ, ಎಡಗೈಯಲ್ಲಿ ಕಾಗದ ಒತ್ತಿ ಹಿಡಿದಿದ್ದಾನೆ. ಆ ಕೈ ತೊಪ್ಪೆಯಾಗಿತ್ತು. ಎಲಿಹಿಯೊ, ಮೂರು ದಿನ ಆರು ಗಂಟೆಗೆ ಆ ಕೈಯಲ್ಲಿ ಏನಿತ್ತು?"

"ಮಾತೆ ಸೊಪ್ಪಿನ ಕಷಾಯದ ಲೋಟ. ಬಿಸಿಬಿಸಿ."

"ಇವತ್ತು?"

"ಈ ಸೆಕೆಯಲ್ಲಿ ಹತ್ತು ಗಂಟೆಗೆ ಬಿಸಿ ಮಾತೆ ಯಾರು ಕುಡೀತಾರೆ? ಅದೇ ಸೊಪ್ಪಿಗೆ ಐಸ್ ನೀರು ಹುಯ್ದ ತೆರೆರೆ! ಐಸ್ ನೀರಿನ ಜಗ್ ನನ್ನ ಕೈಲೇ ಇತ್ತು, ಅರ್ಧ ಗಂಟೆ."

ದೆಯೊಲಿಂದಾ ಕಾಗದ ಮಡಿಸಿದಳು. "ಬಿಸಿ ಲೋಟ ಹಿಡಿದ ಕೈಯಲ್ಲಿ ನರ ಉಬ್ಬುತ್ತೆ. ಐಸ್ ಜಗ್ ಹಿಡಿದ ಕೈಯಲ್ಲಿ ಮುದುಡಿ ಒಳಗೆ ಹೋಗುತ್ತೆ. ನಿಮಗೆಲ್ಲ ಪಾಠದಲ್ಲೇ ಇದೆ. ಆದ್ರೆ ಅಷ್ಟು ಹೊತ್ತಿಗೆ ಈ ಊರಲ್ಲಿ ತೆರೆರೆ ಹಿಡಿದು ಯಾರ ಕೈ ತಾನೇ ತಣ್ಣಗಿರಲ್ಲ? ಮುಟ್ಟಿದ್ರೂ ಯಾರಿಗೂ ವಿಚಿತ್ರ ಅನ್ನಿಸ್ಲಿಲ್ಲ."

"ಆ ಜಗ್ ಯಾರು ಕೊಟ್ಟಿದ್ದು?" ಎಂದು ಕೇಳಿದೆ. ಕೇಳಿದ ಮೇಲೆ ನೆನಪಾಯಿತು.

ಸುತ್ತ ಕೂತು ತೆರೆರೆ ಕುಡಿಯುವಾಗ ಎಲ್ಲರಿಗಿಂತ ಚಿಕ್ಕವರೇ ಹುಯ್ಯಬೇಕು. ಇವತ್ತು ಚಿಕ್ಕವಳು ನಾನು. ಪರೀಕ್ಷೆಗೆ ಒಳಗಿಂದ ನನ್ನ ಹೆಸರು ಕೂಗಿದಾಗ, "ಮಾಮ, ಒಂದು ನಿಮಿಷ ಹಿಡ್ಕೊಳ್ಳಿ," ಎಂದು ಜಗ್ ಅವನಿಗೆ ಕೊಟ್ಟು ಓಡಿದ್ದೆ. ಪಾಸಾದ ಖುಷಿಯಲ್ಲಿ ಅಮ್ಮನಿಗೆ ಫೋನ್ ಮಾಡಲು ಹೋದವಳು ಜಗ್ಗಿಗೆ ವಾಪಸ್ ಬರಲೇ ಇಲ್ಲ.

"ನೀನೇ, ನಿಮಿಯಾ," ಎಂದಳು ದೆಯೊಲಿಂದಾ, ಮೆಲ್ಲಗೆ.

"ಬೇಕಂತ ಮಾಡ್ಲಿಲ್ಲ, ನ್ಯಾ!"

"ಗೊತ್ತು. ಆದ್ರೆ ಮೇಡಂ ಕೇಳೋದು ಹೆಸರು."

"ಹೇಳಿಬಿಡ್ತೀರಾ?"

"ಪತ್ತೆ ಮಾಡೋದು ನನ್ನ ಕೆಲಸ. ಚಾಡಿ ಹೇಳೋದಲ್ಲ."

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಸುಮ್ಮನಿರಬೇಕೆಂದು ಅನ್ನಿಸಿತು. ಸುಳ್ಳೇಕೆ ಹೇಳಲಿ? ತುಂಬಾ ಅನ್ನಿಸಿತು. ಆಮೇಲೆ ಹೋಗಿ ಮೇಡಂ ಬಾಗಿಲು ತಟ್ಟಿದೆ.

ಮೇಡಂ ಎಲ್ಲ ಕೇಳಿ, ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಎಲಿಹಿಯೊನ ಕೈಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ಇಡಿಸಿದರು. ಸೆನೈದಾ ಚುಚ್ಚಿದಳು. ಮೊದಲ ಸಲಕ್ಕೇ ರಕ್ತ ಕಂಡಿತು.

ಹೊರಗೆ ಬಂದು ನನ್ನ ಎರಡು ಭುಜ ಹಿಡಿದು ಅಲ್ಲಾಡಿಸಿದಳು. "ಜಗ್ ಕೆಳಗಿಡೋಕೆ ಏನೇ ಆಗಿತ್ತು ನಿಂಗೆ, ಕತ್ತೆ!" ಎಂದು ಬೈದಳು. ಬೈಯುತ್ತಲೇ ಅತ್ತಳು. ನಾನೂ ಅತ್ತೆ.

"ಮುಂದಿನ ಪರೀಕ್ಷೆ ಆರು ತಿಂಗಳಿಗೆ," ಎಂದೆ.

ಅವಳು ಮೂಗು ಒರೆಸಿಕೊಂಡು ಕೋಟಿನ ತೋಳನ್ನು ಮೊಣಕೈವರೆಗೆ ಸರಿಸಿದಳು. "ಸರಿ, ದಿನಾ ಬೆಳಿಗ್ಗೆ ಬಾ. ನನ್ನ ಕೈ ಇದೆ, ಚುಚ್ಚು."