ಎರಡನೇ ಬೀಗದಕೈ

“ಆ ಮನೆಗೆ ಎರಡನೇ ಬೀಗದಕೈ ಮಾಡಲ್ಲಮ್ಮ,” ಎಂದ ಬೀಗದವನು. ಅವಳು ಕೊಟ್ಟಿದ್ದ ಹಿತ್ತಾಳೆಯ ಬೀಗದಕೈಯನ್ನು, ಕೆಂಡ ಮುಟ್ಟಿದವನಂತೆ, ಅರದ ತುದಿಯಿಂದ ಮೇಜಿನ ಆಚೆಗೆ ತಳ್ಳಿದ. “ನೀವಿರಿ, ನಿಮ್ಮ ಯಜಮಾನರಿರಲಿ. ಬಾಡಿಗೆಗೆ ಮಾತ್ರ ಕೊಡಬೇಡಿ. ‘ನನ್ನ ಮನೆ’ ಅಂದ್ಕೊಂಡು ಬೇರೆಯವರ ಕೈಗೆ ಅದರ ಬೀಗದಕೈ ಹಾಕಬೇಡಿ.”

“ಹಾಕಿದ್ರೆ ಏನಾಗುತ್ತೆ?”

“ಆಮೇಲೆ ನಿಮಗೆ ಬಾಗಿಲಿಲ್ಲ.”

ಅವಳಿಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷ ಪ್ರಯೋಗಾಲಯದಲ್ಲಿ ಕೂತು ಕಂಡವರ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ನೋಡಿದವಳು. “ನೋಡಪ್ಪಾ, ರಕ್ತದಲ್ಲಿ ನಾನು ಏನೇನೋ ಹುಳ ಕಂಡಿದೀನಿ. ದೆವ್ವ ಮಾತ್ರ ಇನ್ನೂ ಸಿಕ್ಕಿಲ್ಲ,” ಎಂದಳು. ಅವನು ನಗಲಿಲ್ಲ. ಎರಡು ಬೀದಿಯಾಚೆಯ ಇನ್ನೊಂದು ಅಂಗಡಿಯಲ್ಲಿ ಐದೇ ನಿಮಿಷಕ್ಕೆ ಎರಡನೇ ಬೀಗದಕೈ ತಯಾರಾಯಿತು.

ಈ ಊರಿಗೆ ಬಂದು ಅವಳಿಗೆ ಮೂರು ತಿಂಗಳಾಗಿರಲಿಲ್ಲ. ಶಾಲೆಯಲ್ಲಿ ಆಟದ ಮೇಷ್ಟರಾಗಿದ್ದ ಗಂಡ ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದುಕೊಂಡೇ ಕನ್ನಡಿಯ ಮುಂದೆ ಕುಸಿದಿದ್ದ. ಬಲಭಾಗ ಪೂರ್ತಿ ಸತ್ತಿತ್ತು, ಮಾತು ಬಿದ್ದುಹೋಗಿತ್ತು. ಅಂಥವರನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಆಸ್ಪತ್ರೆ ಇರುವುದು ಇಲ್ಲಿ ಎಂದು ಕೇಳಿ, ಊರಲ್ಲಿದ್ದುದನ್ನೆಲ್ಲ ಮಾರಿ, ಗುರುತು ಪರಿಚಯವಿಲ್ಲದ ಬೀದಿಯಲ್ಲಿ ಈ ಎರಡಂತಸ್ತಿನ ಹಳೆಯ ಮನೆಯನ್ನು ಕೊಂಡಿದ್ದಳು. ಕೆಳಗೆ ತಾವು, ಮೇಲೆ ಬಾಡಿಗೆಯವರು. ಆ ಬಾಡಿಗೆ ಬಂದರೇ ಗಂಡನ ಚಿಕಿತ್ಸೆ ಮುಂದುವರಿಯುವುದು. ಬಾರದಿದ್ದರೆ ಅವನು ಹಾಸಿಗೆಯಲ್ಲೇ ಉಳಿಯುವವನು. ಇಷ್ಟೇ ಲೆಕ್ಕ.

ಹಾಗಾಗಿ ಸೆರಗು ಸಿಕ್ಕಿಸಿ ನಿಂತಳು. ಮೇಲಿನ ಗೋಡೆಗಳಿಗೆ ತಾನೇ ಸುಣ್ಣ ಬಳಿದಳು. ಸೋರುವ ನಲ್ಲಿಗಳಿಗೆ ವಾಷರ್ ಹಾಕಿದಳು. ಬಚ್ಚಲ ಮೋರಿಗೆ ಮೊಳಕೈವರೆಗೆ ಕೈ ಹಾಕಿ, ಯಾರದೋ ಉದ್ದ ಕೂದಲಿನ ಕಪ್ಪು ಸಿಂಬೆಗಳನ್ನು ಎಳೆದು ಹಾಕಿದಳು. ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲೇ ಬೆಳೆದವಳಿಗೆ ಮಾಲೀಕಳ ಗತ್ತು ಬರಬೇಕಲ್ಲ! ಕನ್ನಡಿಯ ಮುಂದೆ ಹುಬ್ಬು ಗಂಟಿಕ್ಕಿ, “ನೋಡಿ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ,” ಎಂದು ಅಭ್ಯಾಸ ಮಾಡುತ್ತಿದ್ದಳು. ಹಾಸಿಗೆಯಿಂದ ಗಂಡ ಅರ್ಧ ಬಾಯಲ್ಲಿ ನಗುತ್ತಿದ್ದ.

ಒಂದಕ್ಕೆ ಮಾತ್ರ ಅವಳ ಉಪಾಯ ನಡೆಯಲಿಲ್ಲ. ಕೆಳಮನೆಯ ಹೊಸ್ತಿಲಿನ ಕಲ್ಲಿನ ಮೇಲೆ ಅಂಗೈಯಗಲದ ತುಕ್ಕಿನ ಕಲೆಯಿತ್ತು. ಆಮ್ಲ ಸುರಿದು ತಿಕ್ಕಿದಳು. ಮರುದಿನ ಬೆಳಿಗ್ಗೆ ಕಲೆ ಮತ್ತೆ ಹಾಗೇ ಇತ್ತು. ಹತ್ತಿರ ಬಗ್ಗಿದರೆ ಸುಟ್ಟ ಕೂದಲಿನ ಕಮಟು. ಹಳೇ ಮನೆಯ ತೇವ ಎಂದುಕೊಂಡಳು.

ಮೇಲ್ಮನೆಗೆ ಬಂದವಳು ಬಟ್ಟೆ ಹೊಲಿಯುವ ಹೆಂಗಸು. ಗಂಡ ಹಡಗಿನ ಕೆಲಸದಲ್ಲಿ ದೂರ. ಕಂಕುಳಲ್ಲಿ ಎಂಟು ತಿಂಗಳ ಹೆಣ್ಣುಕೂಸು. ನಾಲ್ಕು ಕಡೆ ಮಗು ಅಳುತ್ತದೆಂದು ಮನೆ ಕೊಟ್ಟಿರಲಿಲ್ಲವಂತೆ. “ಅಳಲಿ ಬಿಡಿ, ನಮ್ಮನೇಲಿ ಮೌನ ಜಾಸ್ತಿಯಾಗಿದೆ,” ಎಂದ ಅವಳು ಮರುಕ್ಷಣವೇ ಗತ್ತು ನೆನಪಾಗಿ, ಕೊರಳು ಸರಿಮಾಡಿಕೊಂಡು, ಹೊಸ ಬೀಗದಕೈಯನ್ನು ದರ್ಜಿಯ ಅಂಗೈಗೆ ಹಾಕಿದಳು. “ನನ್ನ ಮನೆ. ಜೋಪಾನ.”

ಗೋಡೆಯೊಳಗೆ ಎಲ್ಲೋ ಆಳದಲ್ಲಿ ‘ಟಕ್’ ಎಂದಿತು. ದೊಡ್ಡ ಬೀಗವೊಂದು ಬಿದ್ದ ಹಾಗೆ. ದರ್ಜಿ ತಲೆಯೆತ್ತಲಿಲ್ಲ. ಅದು ಕೇಳಿಸಿದ್ದು ಅವಳಿಗೊಬ್ಬಳಿಗೇ.

ಮರುದಿನ, ಈ ಊರಲ್ಲಿ ಅವಳು ಸೇರಿಕೊಂಡಿದ್ದ ಪ್ರಯೋಗಾಲಯದಲ್ಲಿ ಮಾದರಿಗಳನ್ನಿಡುವ ಶೀತಪೆಟ್ಟಿಗೆಯ ಬಾಗಿಲು ತೆರೆಯಲಿಲ್ಲ. ಎರಡೂ ಕೈ ಹಾಕಿ ಎಳೆದಳು. ಪಕ್ಕದವನು ಬಂದು ಒಂದೇ ಬೆರಳಲ್ಲಿ ತೆಗೆದ. “ಏನಕ್ಕಾ, ಊಟ ಮಾಡಿಲ್ವಾ?” ಎಂದ. ಸಂಜೆ ಬಸ್ಸಿನ ಬಾಗಿಲು ಎಲ್ಲರನ್ನೂ ಒಳಗೆ ಬಿಟ್ಟು ಅವಳ ಮೂಗಿನ ಮುಂದೆ ಮುಚ್ಚಿಕೊಂಡಿತು. ಅದರ ಹಿಂದೆ ಬಂದ ಬಸ್ಸೂ ಹಾಗೇ. ಅದರ ಹಿಂದಿನದೂ. ಐದು ಮೈಲಿ ನಡೆದು ಮನೆ ಸೇರಿದಳು. ಗಂಡನನ್ನು ನೋಡಿಕೊಳ್ಳುವ ದಾದಿ ಬಾಗಿಲು ತೆರೆದಿಟ್ಟುಕೊಂಡು ಅವಳ ದಾರಿ ಕಾಯುತ್ತಿದ್ದಳು. ಒಳಗೆ ಕಾಲಿಡುವಾಗ ಬೀಗದವನ ಮಾತು ನೆನಪಾಯಿತು. ಸುಸ್ತು, ಬರೀ ಸುಸ್ತು ಎಂದು ತನ್ನನ್ನೇ ಗದರಿಕೊಂಡಳು.

ಮೂರನೆಯ ದಿನ ರಜೆ. ದಾದಿ ಬಂದಿರಲಿಲ್ಲ. ಬಿಸಿಲು ಚೆನ್ನಾಗಿತ್ತು. ಗಂಡನ ಮೈ ಒರೆಸಲು ಗ್ಯಾಸಿನ ಮೇಲೆ ಪಾತ್ರೆ ತುಂಬ ನೀರಿಟ್ಟು, ಒದ್ದೆ ಹೊದಿಕೆಯನ್ನು ಹೊರಗೆ ತಂತಿಗೆ ಹರಡಿ ಬರುತ್ತೇನೆಂದು ಹೊಸ್ತಿಲು ದಾಟಿದಳು.

ಹಿಂದೆ ಬಾಗಿಲು ಮುಚ್ಚಿಕೊಂಡಿತು. ಗಾಳಿಯಿರಲಿಲ್ಲ. ತಂತಿಯ ಮೇಲಿನ ಹೊದಿಕೆಯ ಅಂಚು ಸಹ ಅಲುಗಿರಲಿಲ್ಲ.

ಸೊಂಟದಲ್ಲಿದ್ದ ಬೀಗದಕೈ ಹಾಕಿದಳು. ಅದು ಸಲೀಸಾಗಿ ತಿರುಗಿತು. ಬಾಗಿಲು ಮಾತ್ರ ಗೋಡೆಯೇ ಆದಂತೆ ನಿಂತಿತ್ತು. ಭುಜ ಕೊಟ್ಟು ನೂಕಿದಳು. ಒಳಗೆ ನೀರು ಉಕ್ಕಿ ಚುರ್ ಎಂದಿತು. ಆಮೇಲೆ ಸದ್ದಿಲ್ಲ. ಕಿಟಕಿಗೆ ಓಡಿದಳು. ಸರಳುಗಳಾಚೆ, ಗಾಜಿನಾಚೆ, ಗಂಡ ಅಡುಗೆಮನೆಯ ಕಡೆಗೆ ಕಣ್ಣು ಹೊರಳಿಸುತ್ತಿದ್ದ. ಕಿಟಕಿಯ ಸಂದಿಯಿಂದ ಸಣ್ಣಗೆ ಬಂತು ಗ್ಯಾಸಿನ ವಾಸನೆ. ಉರಿ ಆರಿತ್ತು. ಗ್ಯಾಸು ಹರಿಯುತ್ತಿತ್ತು.

ಕಲ್ಲೆತ್ತಿ ಗಾಜಿಗೆ ಹೊಡೆದಳು. ಕಲ್ಲು ಒಡೆಯಿತು. ಗಾಜು ಒಡೆಯಲಿಲ್ಲ.

ಅವಳ ಕಿರುಚಾಟಕ್ಕೆ ಮೇಲೆ ಇಸ್ತ್ರಿಪೆಟ್ಟಿಗೆ ಊರಿದ ಸದ್ದು ಕೇಳಿಸಿತು. ದರ್ಜಿ ಧಡಧಡನೆ ಇಳಿದು ಬಂದಳು. ಬೀದಿಯ ಕೊನೆಯ ಅಂಗಡಿಯಿಂದ ಬೀಗದವನೂ ಹಾರೆ ಹಿಡಿದು ಓಡಿ ಬಂದ. ಅವನು ಸಂದಿಗೆ ಹಾರೆ ಹಾಕಿ ಮೀಟಿದ. ಹಾರೆ ಮೇಣದ ಹಾಗೆ ಬಾಗಿತು. ಹೊಸ್ತಿಲಿನ ಕಲೆ ಹಸಿಯಾಗಿ ಮಿನುಗುತ್ತಿತ್ತು. ಸುಟ್ಟ ಕೂದಲಿನ ವಾಸನೆ ಗ್ಯಾಸಿನ ವಾಸನೆಯೊಂದಿಗೆ ಕಲಸಿಹೋಯಿತು. ಬೀಗದವನು ಹಾರೆ ಬಿಸಾಕಿ ಅವಳತ್ತ ತಿರುಗಿದ.

“ಕೊಟ್ಟುಬಿಟ್ರಾ ಬೀಗದಕೈ?”

“ಇದು ಏನು? ಹೇಳು! ಏನಿದು?”

“ನನ್ನ ಕೈಯಿಂದಲೇ ಆಗಿದ್ದು.” ಅವನು ಹೊಸ್ತಿಲಿನ ಕಲೆಯತ್ತ ಕೈ ತೋರಿಸಿದ. “ಹಿಂದಿನ ಮಾಲೀಕ ಬಾಡಿಗೆಗಿದ್ದ ಒಬ್ಬ ಹೆಂಗಸನ್ನ ಮನೆ ಬಿಡಿಸೋಕೆ, ಅವಳು ಕೆಲಸಕ್ಕೆ ಹೋದಾಗ ನನ್ನ ಕರೆಸಿ ಬೀಗ ಬದಲಾಯಿಸಿದ. ಅವಳ ತಾಯಿ ಒಳಗೆ ಮಲಗಿದ್ದು ನಂಗೆ ಗೊತ್ತಿರಲಿಲ್ಲ. ಅವನು ಬೀಗ ಹಾಕ್ಕೊಂಡು ಊರಿಗೆ ಹೋದ. ಮುದುಕಿ ನೀರಿಲ್ದೆ ಸತ್ತಳು. ಮಗಳು ತನ್ನ ತಲೆ ಬೋಳಿಸಿ, ಕೂದಲು ಸುಟ್ಟು, ಅದೇ ಬೀಗದೊಳಗೆ ತುಂಬಿ, ಇಲ್ಲಿ ಹೂತು ಮಾಟ ಮಾಡಿದಳು. ಆಮೇಲೆ ಅವನು ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟ. ಬೇರೆ ಬಾಗಿಲು ಅವನಿಗೊಬ್ಬನಿಗೇ ತೆಗೀತಿರಲಿಲ್ಲ. ಅವನ ಮನೆ ಬಾಗಿಲು ಯಾರಿಗೂ ತೆಗೀಲಿಲ್ಲ. ಒಳಗೆ ಅವನ ಹೆಂಡತಿ ಇದ್ದಳು.”

“ಅಗೆದು ತೆಗಿ ಅದನ್ನ!”

“ಅಗೆದು ಸುಟ್ಟಿದ್ದಾಯ್ತಮ್ಮ, ಎರಡು ಸಲ. ಪ್ರಯೋಜನ ಇಲ್ಲ.” ಅವನು ದರ್ಜಿಯ ಕಡೆ ಕಳ್ಳನಂತೆ ನೋಡಿ ದನಿ ಇಳಿಸಿದ. “ಯಾರಾದ್ರೂ ಒಪ್ಪಿ ಮನೆ ಇಸ್ಕೊಂಡ್ರೆ ಆ ಮಾಟ ಅವರ ಬೆನ್ನಿಗೆ ಹೋಗುತ್ತೆ. ಬೇರೆ ದಾರಿ ಇಲ್ಲ.”

ದರ್ಜಿ ಆಗ ಕಿಟಕಿಯ ಬಳಿ ನಿಂತು ಗಾಜು ಬಡಿಯುತ್ತಿದ್ದಳು. ಅವಳಿಗೆ ಇದೊಂದೂ ಕೇಳಿರಲಿಲ್ಲ.

ಒಳಗೆ ಗಂಡನ ತಲೆ ದಿಂಬಿನಿಂದ ಜಾರಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು.

ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಆಗುತ್ತಿರಲಿಲ್ಲ. ದರ್ಜಿಯ ಕೈ ಹಿಡಿದೆಳೆದು ತನ್ನ ಬೀಗದಕೈಗಳನ್ನೆಲ್ಲ ಅದರೊಳಗೆ ಒತ್ತಿದಳು. “ಈ ಮನೆ ನಿಂದು. ಇಸ್ಕೊಂಡೆ ಅನ್ನು. ಕಾಲಿಗೆ ಬೀಳ್ತೀನಿ, ಹಾಗನ್ನು!”

“ಅಕ್ಕಾ, ಏನು ಮಾತಾಡ್ತಿದೀರಿ...”

“ಅನ್ನೇ!”

“ಆಯ್ತು, ಇಸ್ಕೊಂಡೆ. ನನ್ನ ಮನೆ.”

ಬಾಗಿಲು ತಾನಾಗಿ ತೆರೆಯಿತು.

ಅವಳು ಉಸಿರು ಕಟ್ಟಿ ನುಗ್ಗಿದಳು. ಗ್ಯಾಸಿನ ತಿರುಪು ಮುಚ್ಚಿದಳು. ಬೀಗದವನು ಕಾಲು ಹಿಡಿದ, ಅವಳು ತೋಳು ಹಿಡಿದಳು, ಗಂಡನನ್ನು ಅಂಗಳಕ್ಕೆ ಎಳೆದು ತಂದರು. ಮೂಗಿಗೆ ಬೆರಳಿಟ್ಟಳು. ಎಳೆಯಷ್ಟು ಉಸಿರು. ಇತ್ತು. ಇತ್ತು! ಬೀಗದವನು ಆಂಬ್ಯುಲೆನ್ಸಿಗೆ ಫೋನು ಮಾಡಿದ.

ಆಗ ಮೇಲೆ ಕೂಸು ಅತ್ತಿತು.

“ಬಂದೇ ಕಂದಾ,” ಎನ್ನುತ್ತ ದರ್ಜಿ ಮೆಟ್ಟಿಲು ಹತ್ತಿದಳು. ಮೇಲಿನ ಬಾಗಿಲು ನೂಕಿದ ಸದ್ದು. ಮತ್ತೆ ನೂಕಿದ ಸದ್ದು. ಆಮೇಲೆ ಎರಡೂ ಮುಷ್ಟಿಯಿಂದ ಬಡಿದ ಸದ್ದು.

“ಅಕ್ಕಾ! ಇದು ಸಿಕ್ಕಿಕೊಂಡಿದೆ! ಅಕ್ಕಾ, ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೇ ಬಿಟ್ಟು ಬಂದಿದೀನಿ!”

ಬೀಗದವನು ಮುಖ ತಿರುಗಿಸಿದ. ಮೇಲಿನ ಕಿಟಕಿಯ ಅಂಚಿನಿಂದ ತೆಳ್ಳಗೆ ಹೊಗೆ. ಅಳು ಕೆಮ್ಮಾಯಿತು. ಅವಳ ತೊಡೆಯ ಮೇಲೆ ಗಂಡನ ತಲೆ ಬೆಚ್ಚಗಿತ್ತು. ಎದ್ದು ಹೋಗುವ ಅಗತ್ಯವೇ ಇರಲಿಲ್ಲ. ಕಿವಿ ಮುಚ್ಚಿಕೊಂಡಳು. ಅಂಗೈಯೊಳಗೂ ಕೆಮ್ಮು ಕೇಳಿಸಿತು.

ಗಂಡನ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ ಎದ್ದಳು. ಎರಡೆರಡು ಮೆಟ್ಟಿಲು ಹಾರಿದಳು. ದರ್ಜಿಯ ಬೆರಳುಗಳು ರಕ್ತವಾಗಿದ್ದವು. ಅವುಗಳ ನಡುವಿನಿಂದ ಬೀಗದಕೈಗಳನ್ನು ಕಿತ್ತುಕೊಂಡಳು.

“ವಾಪಸ್ ಕೊಟ್ಟೆ ಅನ್ನು.”

“ಕೊಟ್ಟೆ! ಎಲ್ಲಾ ಕೊಟ್ಟೆ!”

“ಇಸ್ಕೊಂಡೆ,” ಎಂದಳು ಅವಳು. “ನನ್ನ ಮನೆ.”

ದರ್ಜಿ ನೂಕಿದ ಬಾಗಿಲು ಗೋಡೆಗೆ ಬಡಿಯಿತು. ಹೊಗೆಯೊಳಗೆ ನುಗ್ಗಿ, ಮಸಿ ಹಿಡಿದು ಕೆಮ್ಮುತ್ತಿದ್ದ ಕೂಸನ್ನು ಎದೆಗೊತ್ತಿಕೊಂಡು ದರ್ಜಿ ಹೊರಬಂದಳು. ಅದೇ ಗಳಿಗೆಯಲ್ಲಿ ಕೆಳಗೆ, ಖಾಲಿ ಮನೆಯ ಬಾಗಿಲು ಧಡಾರನೆ ಮುಚ್ಚಿಕೊಂಡಿತು.

ಆಂಬ್ಯುಲೆನ್ಸು ಬಂತು. ಗಂಡನನ್ನು ಹತ್ತಿಸಿಕೊಂಡರು. ಅವಳು ಹತ್ತಲು ಹೋದಾಗ ಬಾಗಿಲು ಅವಳ ಕೈಯನ್ನು ಹೊರಗೆ ತಳ್ಳಿ ಮುಚ್ಚಿತು. ಹಿಂದೆಯೇ ಓಡಿದಳು.

ದರ್ಜಿ ಅಂದೇ ಬೇರೆ ಬೀದಿಗೆ ಹೋದಳು. ಆದರೂ ದಿನಾ ಬಂದು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಬುತ್ತಿ ಇಟ್ಟು ಹೋಗುತ್ತಾಳೆ. ಬೀಗದವನು ಒಂದು ಸಲ ಬಂದು, “ನನಗೆ ಕೊಡಿ, ನಾನು ಇಸ್ಕೋತೀನಿ,” ಎಂದ. ಅವನ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಮೊಮ್ಮಕ್ಕಳು ಎಂದ. ಅವಳು ಬೇಡವೆಂದು ತಲೆಯಾಡಿಸಿ ಕಳಿಸಿದಳು.

ಆಸ್ಪತ್ರೆಯದು ತಾನಾಗಿ ತೆರೆಯುವ ಗಾಜಿನ ಬಾಗಿಲು. ರೋಗಿಗಳು, ವೈದ್ಯರು, ಬೀದಿನಾಯಿ ಸಹ ಒಮ್ಮೆ ಒಳಗೆ ಹೋಗಿ ಬಂದಿದೆ. ಅವಳು ಯಾರ ಬೆನ್ನಿಗೆ ಅಂಟಿಕೊಂಡು ಹೋದರೂ ಗಾಜು ನಡುವೆ ಬಂದು ನಿಲ್ಲುತ್ತದೆ. ಹಾಗಾಗಿ ಕಟ್ಟಡವನ್ನು ಸುತ್ತಿ, ಗಂಡನ ಹಾಸಿಗೆ ಕಾಣುವ ಕಿಟಕಿಯ ಕೆಳಗೆ ನಿಲ್ಲುತ್ತಾಳೆ.

ನಲವತ್ತನೆಯ ದಿನ ದಾದಿಯರು ಅವನನ್ನು ಎಬ್ಬಿಸಿ ಕಿಟಕಿಯ ಬಳಿ ಕೂರಿಸಿದರು. ಅವನು ಅವಳನ್ನು ಕಂಡ. ಸತ್ತೇಹೋಗಿದೆ ಎಂದುಕೊಂಡಿದ್ದ ಬಲಗೈ ತೊಡೆಯ ಮೇಲಿಂದ ನಡುಗುತ್ತ ಎದ್ದಿತು. ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಒಳಗೆ ಬಾ ಎಂದು ಕರೆಯುತ್ತಿದ್ದ.