ಒಂದಕ್ಕೆ ಏಳು ಲಾಭ

“ಒಂದು ಹೇರ್‌ಬ್ಯಾಂಡಿಗೆ ಹತ್ತು ರೂಪಾಯಿ. ಎಲಾಸ್ಟಿಕ್‌ಗೆ ಮೂರು ಹೋದ್ರೆ ಏಳು ಪ್ರಾಫಿಟ್! ನಲವತ್ತಕ್ಕೆ ಇನ್ನೂರ ಎಂಬತ್ತು!” ಚೂಟಿ ಕ್ಯಾಲ್ಕುಲೇಟರನ್ನು ಅಣ್ಣನ ಮೂಗಿಗೇ ಹಿಡಿದಳು.

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ಬೇಡ. ಬಟ್ಟೆ ಖರ್ಚು?” ಅಣ್ಣ ಕಾಲೇಜಿನಲ್ಲಿ ಕಾಮರ್ಸ್ ಓದುತ್ತಾನೆ. ಎಲ್ಲದಕ್ಕೂ ಕೊಂಕು.

“ಅಮ್ಮ ಬಿಸಾಕೋ ಚೂರು ಬಟ್ಟೆ. ಫ್ರೀ!”

“ಹೊಲಿಗೆ?”

“ಅಮ್ಮ ಹೊಲೀತಾಳಲ್ಲ! ಸ್ವಂತ ಅಮ್ಮಂಗೆ ಯಾರಾದ್ರೂ ದುಡ್ಡು ಕೊಡ್ತಾರಾ, ಪೆದ್ದ!”

ಮಷಿನ್ ಮುಂದೆ ಕೂತಿದ್ದ ಅಮ್ಮ ನಕ್ಕಳು. ಮಗಳ ಕಂಪನಿಗೆ ಅವಳೇ ಕಾರ್ಖಾನೆ. ಮೊದಲ ವಾರ ಐದು ಬ್ಯಾಂಡ್, ಆಮೇಲೆ ಹನ್ನೆರಡು, ಈಗ ನಲವತ್ತು. ಒಂದೊಂದಕ್ಕೂ ಕಾಲು ಗಂಟೆ.

ಅಷ್ಟರಲ್ಲಿ ನರ್ಸ್ ಆಂಟಿ ಬಂದರು. ಇಡೀ ಆಸ್ಪತ್ರೆಯ ಯೂನಿಫಾರ್ಮ್ ಹೊಲಿಗೆ ಅಮ್ಮನ ಕೈಗೇ ಬರುತ್ತಿದ್ದದ್ದು ಅವರಿಂದ.

“ಆರೂ ಯೂನಿಫಾರ್ಮ್ ರೆಡಿನಾ?”

“ಎರಡಾಗಿದೆ ಸಿಸ್ಟರ್. ನಾಳೆ...”

“ನಾಳೆ ಡ್ಯೂಟಿಗೆ ಹುಡುಗೀರು ಏನು ಹಾಕ್ಕೊಳ್ಳೋದು?” ಅವರ ಕಣ್ಣು ಹೇರ್‌ಬ್ಯಾಂಡ್ ರಾಶಿಯ ಮೇಲೆ ಬಿತ್ತು. “ಓಹೋ, ಇದಕ್ಕೆ ಟೈಮ್ ಇತ್ತಾ! ಬಿಡಿ, ಇನ್ಮೇಲೆ ಬೇರೆ ಕಡೆ ಕೊಡ್ತೀನಿ.”

ಉಳಿದ ಬಟ್ಟೆ ಮಡಚಿಕೊಂಡು ಹೊರಟೇ ಹೋದರು. ಅಮ್ಮ ಬಾಗಿಲವರೆಗೂ ಹೋಗಿ ವಾಪಸ್ ಬಂದಳು. ಚೂಟಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಎರಡು ಗಂಟೆಗೆ ಒಂದು ಯೂನಿಫಾರ್ಮ್, ಅಮ್ಮಂಗೆ ಇನ್ನೂರು ಸಿಗುತ್ತೆ,” ಎಂದ ಅಣ್ಣ, ಈ ಸಲ ಮೆಲ್ಲಗೆ. “ಅಷ್ಟೇ ಹೊತ್ತಲ್ಲಿ ನಿನ್ನ ಬ್ಯಾಂಡ್ ಎಂಟು. ಐವತ್ತಾರು ಸಿಗುತ್ತೆ, ನೂರ ನಲವತ್ತನಾಲ್ಕು ಕಮ್ಮಿ. ಒಂದೊಂದಕ್ಕೂ ಹದಿನೆಂಟು ಲಾಸ್ ಕಣೇ. ಜಾಸ್ತಿ ಮಾರಿದಷ್ಟೂ ಜಾಸ್ತಿ ಲಾಸ್.”

ಮರುದಿನ ಶಾಲೆಯಲ್ಲಿ ಚೂಟಿ ದುಡ್ಡು ತಗೊಂಡು ನಲವತ್ತನ್ನೂ ಗೆಳತಿಯರಿಗೆ ಹಂಚಿದಳು. ಕೂಡಲೇ ಇನ್ನೂ ಮೂವತ್ತಕ್ಕೆ ಕೈಗಳೆದ್ದವು.

“ಇನ್ಮೇಲೆ ಒಂದಕ್ಕೆ ಇಪ್ಪತ್ತೆಂಟು,” ಎಂದಳು, ಹತ್ತಕ್ಕೆ ಅಣ್ಣ ಹೇಳಿದ ಹದಿನೆಂಟನ್ನೂ ಕೂಡಿಸಿ.

“ತಲೆ ಕೆಟ್ಟಿದ್ಯಾ? ಅಂಗಡೀಲಿ ಹನ್ನೆರಡಕ್ಕೆ ಸಿಗುತ್ತೆ!” ಎಲ್ಲರೂ ಗೊಳ್ಳೆಂದರು. ಎದ್ದ ಕೈಗಳು ಇಳಿದವು. ಹಾಗಾದರೆ ಇವರಿಗೆ ಬೇಕಾಗಿದ್ದದ್ದು ತನ್ನ ಬ್ಯಾಂಡಲ್ಲ, ಎರಡು ರೂಪಾಯಿ ಉಳಿಸುವುದು!

ಸಂಜೆ ಅಮ್ಮ ಕೇಳಿದಳು, “ಮುಂದಿನ ವಾರಕ್ಕೆ ಎಷ್ಟು ಹೊಲೀಲಿ, ಪುಟ್ಟಾ?”

“ಒಂದೂ ಬೇಡಮ್ಮ. ಎಲ್ಲರಿಗೂ ಬೋರ್ ಆಯ್ತಂತೆ.”

“ಹೌದಾ?” ಅಮ್ಮ ಕತ್ತು ಒತ್ತಿಕೊಂಡಳು. ಕನ್ನಡಕ ತೆಗೆದಿಟ್ಟಳು. ಅಲ್ಲೇ ಚಾಪೆಯ ಮೇಲೆ ಒರಗಿದವಳಿಗೆ ಎರಡೇ ನಿಮಿಷದಲ್ಲಿ ನಿದ್ದೆ ಹತ್ತಿತು.

ಅಮ್ಮನಿಗೆ ಇಷ್ಟು ಸುಸ್ತಾಗಿದೆಯೆಂದು ಚೂಟಿಗೆ ಗೊತ್ತಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ.